ಕನ್ನಡ ಮೀಡಿಯಂನವ್ರು ಪರಿಸರ ವಿಜ್ಞಾನದ ಇಂಗ್ಲಿಷ್ ಪದ ಕಲಿಯೋದು ಹೆಂಗ: ಕಲಬುರಗಿ ಕಡಿಯವ್ರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾ ಎಂಎಸ್ಸಿ ವೈವಾಕ್ಕ ಕುಂತಿದ್ದೆ. ಬ್ಯಾರೆ ಊರಿಂದ ಬಂದಿದ್ದ ಎಕ್ಸಾಮಿನರ್ ಸರ್ ಇಂಗ್ಲಿಷ್‌ದಾಗ ಕೇಳಿದ್ರು, ನದಿ ನೀರು ಕೆಡ್ಲಾಕ ಮುಖ್ಯ ಕಾರಣ ಏನು ಅಂತ. ಉತ್ತರ ನನಗ ಗೊತ್ತಿತ್ತು, ಕನ್ನಡದಾಗ ಹೇಳು ಅಂದಿದ್ರ ಅರ್ಧ ತಾಸು ಹೇಳ್ತಿದ್ದೆ, ಆದ್ರ ಬಾಯಿಗೆ ಬಂದದ್ದು ಏನಂದ್ರ, “ಸರ್, ಅಫ್ಲುಯೆಂಟ್ಸ್ ಆರ್ ಡಂಪ್ಡ್ ಇನ್‌ಟು ದ ರಿವರ್.” ಸರ್ ಚಷ್ಮಾ ತೆಗದು ಟೇಬಲ್ ಮ್ಯಾಲ ಇಟ್ಟು ನಕ್ಕೋತ ಕುಂತ್ರು. ನಾ ಹೇಳಬೇಕಿದ್ದದ್ದು ಎಫ್ಲುಯೆಂಟ್, ಅಂದ್ರ ಕಾರ್ಖಾನಿಯಿಂದ ಹೊರಗ ಬೀಳೋ ಹೊಲಸು ನೀರು. ಅಫ್ಲುಯೆಂಟ್ ಅಂದ್ರ ಸಾಹುಕಾರ. ಊರಾಗಿನ ಸಾಹುಕಾರ್ರನ್ನೆಲ್ಲಾ ಹೊತ್ತೊಯ್ದು ನದ್ಯಾಗ ಒಗೀಲಕತ್ತಾರ ಅಂತ ಹೇಳಿಬಿಟ್ಟಿದ್ದೆ.

ಈಗ ನಾ ನೀರು ಟೆಸ್ಟ್ ಮಾಡೋ ಲ್ಯಾಬಿನಾಗ ಕೆಲಸ ಮಾಡ್ತೀನಿ, ಸಂಜಿಮುಂದ ನಮ್ಮ ಓಣಿ ಹುಡುಗ್ರು ಐದಾರು ಮಂದಿ ಮನಿಗೆ ಬರ್ತಾರ, ಬಿಎಸ್ಸಿ ಓದೋರು, ಪಿಡಿಓ ಕೆಎಎಸ್ ಅಂತ ತಯಾರಿ ಮಾಡೋರು. ಎಲ್ಲಾರದ್ದೂ ಒಂದೇ ಕಥಿ. ಮೊಬೈಲ್‌ನಾಗ ಐದುನೂರು ಪದದ ಪಿಡಿಎಫ್ ಇರ್ತದ, ಎ ಇಂದ ಶುರು, ಎಬಯೋಟಿಕ್, ಅಬೇಟ್‌ಮೆಂಟ್, ಆಸಿಡ್ ರೇನ್ ಅಂತ ಬಾಯಿಪಾಠ ಮಾಡ್ಕೊಂತ ಹೋಗಿ ಡಿ ಬರೋದ್ರೊಳಗ ಸುಸ್ತಾಗಿ ಬಿಡ್ತಾರ. ಒಬ್ಬಾಕಿ ಕೇಳಿದ್ಲು, ಅಕ್ಕಾ ನಮಗ್ಯಾಕ ಇವು ತಲ್ಯಾಗ ನಿಲ್ಲಂಗಿಲ್ಲ ಅಂತ. ನಿಲ್ಲಂಗಿಲ್ಲ ಯಾಕಂದ್ರ ಕೂಡ್ಲಾಕ ಜಾಗಾ ಕೊಟ್ಟಿಲ್ಲ. ನಮ್ಮ ಕಡಿ ಹುಟ್ಟಿ ಬೆಳದವ್ರಿಗೆ ಬರಗಾಲ ಗೊತ್ತದ, ಬತ್ತಿದ ಬೋರ್ ಗೊತ್ತದ, ಸಿಮೆಂಟ್ ಧೂಳ ಗೊತ್ತದ, ಉಸುಕಿನ ಟ್ರ್ಯಾಕ್ಟರ್ ಗೊತ್ತದ. ವಿಷಯ ಪೂರಾ ಕೈಯಾಗ ಅದ, ಇಂಗ್ಲಿಷ್ ಹೆಸರೊಂದು ಇಲ್ಲ ಅಷ್ಟೇ. ಅದಕ್ಕ ನಾ ಉಲ್ಟಾ ಹಾದಿ ಹಿಡೀತೀನಿ: ಮೊದಲು ಕಣ್ಣಿಗೆ ಕಾಣೋ ವಸ್ತು, ಆಮ್ಯಾಲ ನಮ್ಮ ಮಾತು, ಕಡೀಗೆ ಇಂಗ್ಲಿಷ್.

ಹೆಜ್ಜೆ 1: ನೋಟ್‌ಬುಕ್ ಹೆಂಗ ಮಾಡ್ಕೋಬೇಕು

ನೂರು ಹಾಳಿದು ಒಂದು ನೋಟ್‌ಬುಕ್ ತಗೊಳ್ರಿ, ಆ್ಯಪ್ ಬ್ಯಾಡ. ಎಬಿಸಿಡಿ ಪ್ರಕಾರ ಬರೀಬ್ಯಾಡ್ರಿ, ಜಾಗಾದ ಪ್ರಕಾರ ಬರೀರಿ. ಹೊಲಕ್ಕ ಹತ್ತು ಹಾಳಿ, ಬಾವಿ ಬೋರ್‌ಗೆ ಹತ್ತು, ನದಿ ಕೆರಿಗೆ ಹತ್ತು, ಖಣಿ ಕಾರ್ಖಾನಿಗೆ, ಕಸಕ್ಕ, ಅಡವಿಗೆ, ಬಿಸಲು ಮಳಿಗೆ. ಎಡಗಡಿ ಹಾಳ್ಯಾಗ ನಿಮ್ಮ ಮನ್ಯಾಗ ಅನ್ನೋ ಮಾತು, ಬೇಕಂದ್ರ ಒಂದು ಚಿತ್ರ. ಬಲಗಡಿ ಇಂಗ್ಲಿಷ್ ಪದ, ಅದರ ಉಚ್ಚಾರ ಕನ್ನಡದಾಗ, ಅದರ ಜೋಡಿ ಬರೋ ಕ್ರಿಯಾಪದ, ಮತ್ತ ನಿಮ್ಮ ಊರಿನ ಬಗ್ಗೆ ಒಂದು ವಾಕ್ಯ. ಈ ಕಡೀದು ಯಾರೂ ಬರಿಯಂಗಿಲ್ಲ, ಅದೇ ಮುಖ್ಯ.

ಒಂದು ಮಾಡಿ ತೋರಸ್ತೀನಿ. ಸುರಪುರ ಶಹಾಪುರ ಕಡಿ ನಾರಾಯಣಪುರ ಡ್ಯಾಮಿನ ಕೆನಾಲ್ ನೀರು ಬಂದ ಮ್ಯಾಲ ತಗ್ಗಿನ ಹೊಲಗೋಳಾಗ ನೀರು ನಿಂತು ಜವಳು ಹಿಡೀತದ, ಮ್ಯಾಲ ಬಿಳಿ ಉಪ್ಪು ಕೂಡ್ತದ, ಅದಕ್ಕ ಸವಳು ಅಂತೀವಿ. ಎಡಗಡಿ: ಜವಳು, ಸವಳು. ಬಲಗಡಿ: ಜವಳಿಗೆ ವಾಟರ್‌ಲಾಗಿಂಗ್, ಸವಳಿಗೆ ಸಲೈನಿಟಿ. ಕ್ರಿಯಾಪದ: ಹೊಲ ಬಿಕಮ್ಸ್ ವಾಟರ್‌ಲಾಗ್ಡ್, ಉಪ್ಪು ಅಕ್ಯುಮುಲೇಟ್ಸ್ ಆನ್ ದ ಸರ್ಫೇಸ್. ವಾಕ್ಯ: “ಅವರ್ ಲೋ-ಲೈಯಿಂಗ್ ಫೀಲ್ಡ್ ಬಿಕೇಮ್ ವಾಟರ್‌ಲಾಗ್ಡ್ ಆಫ್ಟರ್ ದ ಕೆನಾಲ್ ಕೇಮ್.” ಒಂದೇ ಹೊಲದಿಂದ ಆರು ಪದ ಬಂದ್ವು ನೋಡ್ರಿ, ಬಾಯಿಪಾಠ ಒಂದೂ ಮಾಡಿಲ್ಲ.

ಹೆಜ್ಜೆ 2: ಹೊಲದಿಂದ ಶುರು ಮಾಡ್ರಿ

ಚಳಿಗಾಲದಾಗ ತೊಗರಿ ಕಾಯಿ ಕಟ್ಟೋ ಹೊತ್ತಿಗೆ ನಮ್ಮ ಮುತ್ಯಾ ಹುಡುಗ್ರನ್ನೆಲ್ಲಾ ಹೊಲಕ್ಕ ಕರ್ಕೊಂಡು ಹೋಗ್ತಿದ್ದ. ಎರಡು ಸಾಲಿನ ನಡುಕ ತಾಡಪತ್ರಿ ಹಾಸೋದು, ಗಿಡದ ನೆತ್ತಿ ಬಗ್ಗಿಸಿ ಹಿಡ್ದು ಗದಗದ ಅಲ್ಲಾಡಿಸೋದು, ಹಸಿರು ಹುಳ ಪಟಪಟ ಅಂತ ಆಣೆಕಲ್ಲು ಬಿದ್ದಂಗ ಬೀಳ್ತಿದ್ವು. ಆ ಹುಳ ಕೊಡಕ್ಕ ತುಂಬಿ ಮನಿಗೆ ಒಯ್ದ್ರ ಕೋಳಿಗೋಳಿಗೆ ಹಬ್ಬ. ಎಣ್ಣಿ ಹೊಡದು ಹೊಡದು ಹುಳ ಸಾಯೋದು ಬಿಟ್ಟಾಗ ಕೃಷಿ ವಿಜ್ಞಾನಿಗೋಳು ಸುದ್ದಾ ಗಿಡ ಅಲ್ಲಾಡಿಸೋದೇ ಚಲೋ ಅಂತ ಒಪ್ಪಿಕೊಂಡ್ರು. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಈ ಬೆಳಿ ಈ ಸೀಮೆದೇ ಅನ್ನೋ ಸರ್ಕಾರಿ ಗುರುತು, ಬಂತಲ್ಲ, ಅದರ ಹಿಂದ ಇಂಥ ಎಷ್ಟೋ ಮುತ್ಯಾಗೋಳ ಕೈ ಅವ.

ಈಗ ಆ ಒಂದು ಮುಂಜಾನಿಗೆ ಇಂಗ್ಲಿಷ್ ಹಚ್ಚರಿ. ಬೆಳಿ ಕ್ರಾಪ್, ಅದನ್ನ ಹಾಳು ಮಾಡೋ ಹುಳ ಪೆಸ್ಟ್, ಕಾಯಿ ಕೊರಕಕ್ಕ ಪಾಡ್ ಬೋರರ್. ಹುಳ ತಿನ್ಲಾಕ ಬರೋ ಹಕ್ಕಿ ಪ್ರಿಡೇಟರ್, ತಿನ್ನಿಸ್ಕೊಳ್ಳೋ ಹುಳ ಪ್ರೇ, ಹಕ್ಕಿ ಕೂಡ್ಲಿ ಅಂತ ನೆಟ್ಟ ಕೋಲು ಬರ್ಡ್ ಪರ್ಚ್. ಎಣ್ಣಿ ಅಂದ್ರ ಪೆಸ್ಟಿಸೈಡ್, ಗಾಳಿಗೆ ಹಾರಿ ಬಾಜೂ ಹೊಲಕ್ಕ ಹೋಗೋದು ಸ್ಪ್ರೇ ಡ್ರಿಫ್ಟ್, ಹೊಡದ್ರೂ ಹುಳ ಸಾಯದಂಗಾಗೋದು ರೆಸಿಸ್ಟನ್ಸ್, ಕಾಳಿನಾಗ ಉಳ್ಯೋದು ರೆಸಿಡ್ಯೂ. ವರ್ಷಾ ವರ್ಷಾ ಬರೇ ತೊಗರಿನೇ ಹಾಕೋದು ಮೋನೋಕ್ರಾಪಿಂಗ್, ನಡುಕ ಹೆಸರು ಉದ್ದು ಹಾಕೋ ಅಕ್ಕಡಿ ಪದ್ಧತಿ ಇಂಟರ್‌ಕ್ರಾಪಿಂಗ್, ನೆಟೆ ರೋಗ ವಿಲ್ಟ್. ಹೆಸರು ಕೇಳಿದ್ರ ದೊಡ್ಡ ಸೈನ್ಸ್ ಅನ್ನಿಸ್ತದ, ಮುತ್ಯಾಗ ಎಲ್ಲಾ ಗೊತ್ತಿತ್ತು, ಸೈ ಮಾಡ್ಲಾಕ ಬರ್ತಿದ್ದಿಲ್ಲ ಅವಗ.

ಮಣ್ಣಿಗೂ ಹಂಗೇ. ಎರಿ ಭೂಮಿಗೆ ಬ್ಲ್ಯಾಕ್ ಕಾಟನ್ ಸಾಯಿಲ್, ಮಸಾರಿಗೆ ರೆಡ್ ಸಾಯಿಲ್. ಬ್ಯಾಸಗ್ಯಾಗ ಎರಿ ಹೊಲ ಬಿರಕ ಬಿಡ್ತದಲ್ಲ, ಕೈ ಹಾಕಿದ್ರ ಮೊಣಕೈ ತನಕ ಹೋಗ್ತದ, ಅದು ಕ್ರ್ಯಾಕ್. ಈ ಮಣ್ಣು ನೀರು ಕುಡದ್ರ ಉಬ್ಬುತದ, ಸ್ವೆಲ್ಸ್, ಒಣಗಿದ್ರ ಕುಗ್ಗತದ, ಶ್ರಿಂಕ್ಸ್. ಮಳಿ ಜೋರ್ ಬಂದ್ರ ಮ್ಯಾಲಿನ ಫಲವತ್ತಾದ ಮಣ್ಣು ಕೊಚ್ಕೊಂಡು ಹೋಗ್ತದ, ಮಣ್ಣು ಟಾಪ್‌ಸಾಯಿಲ್, ಹರಿದು ಹೋಗೋ ನೀರು ರನಾಫ್, ಕೊಚ್ಚಿ ಹೋಗೋದು ಇರೋಶನ್, ತಡೀಲಾಕ ಹಾಕೋ ಒಡ್ಡು ಬಂಡ್, ಕೆರ‍್ಯಾಗ ಹೋಗಿ ಕೂಡೋ ಹೂಳು ಸಿಲ್ಟ್, ಹೂಳ ತೆಗಿಯೋದು ಡೀಸಿಲ್ಟಿಂಗ್. ಇವು ಒಂದರ ಹಿಂದ ಒಂದು ಕಥಿ ಆಗಿ ಬರ್ತಾವ, ಮಳಿ ಬಿದ್ದಲ್ಲಿಂದ ಕೆರಿ ತುಂಬೋ ತನಕ. ಕಥಿ ಮರಿಯಂಗಿಲ್ಲ, ಲಿಸ್ಟ್ ಮರೀತದ.

ಬದುವಿನ ಮ್ಯಾಲಿನ ಕಸಾನೂ ಬಿಡಬ್ಯಾಡ್ರಿ. ಬಳ್ಳಾರಿ ಜಾಲಿ, ಕಾಂಗ್ರೆಸ್ ಕಸ, ಎರಡೂ ಹೊರಗಿನಿಂದ ಬಂದು ನಮ್ಮ ಗಿಡಗಂಟಿ ಜಾಗಾ ನುಂಗಿದ್ವು, ಇಂಥವಕ್ಕ ಇನ್ವೇಸಿವ್ ಸ್ಪೀಶೀಸ್. ಕಾಂಗ್ರೆಸ್ ಕಸಕ್ಕ ಪಾರ್ಥೇನಿಯಂ ಅಂತ ಹೆಸರು, 1950ರ ದಶಕದಾಗ ಪುಣೆ ಕಡಿ ಕಣ್ಣಿಗೆ ಬಿದ್ದದ್ದು ಇಡೀ ದೇಶ ಹಬ್ಬಿತು. ಅದನ್ನ ತಿನ್ಲಾಕ ಮೆಕ್ಸಿಕೋದ ಒಂದು ದುಂಬಿ ತಂದು 1984ರಾಗ ಬೆಂಗಳೂರಿನಾಗ ಬಿಟ್ಟ್ರು, ಹಿಂಗ ಜೀವಿಯಿಂದ ಜೀವಿ ಹತೋಟಿ ಮಾಡೋದಕ್ಕ ಬಯಾಲಾಜಿಕಲ್ ಕಂಟ್ರೋಲ್ ಅಂತಾರ.

ಹೆಜ್ಜೆ 3: ಬೀದರಿಗೆ ಹೋಗಿ ಸುರಂಗ ಬಾವಿ ನೋಡ್ರಿ

ಅಂತರ್ಜಲದ ಪದ ನಮ್ಮ ಹುಡುಗ್ರಿಗೆ ಭಾಳ ಕಷ್ಟ, ಯಾಕಂದ್ರ ನೆಲದ ಒಳಗಿನ್ದು ಕಾಣಂಗಿಲ್ಲ. ಬೀದರಿನ ನೌಬಾದ ಹತ್ರ ಕರೇಜ್ ಅದ, ಮಂದಿ ಸುರಂಗ ಬಾವಿ ಅಂತಾರ. ಬಹಮನಿ ಸುಲ್ತಾನರ ಕಾಲದ್ದು, ವಿದ್ಯೆ ಪರ್ಷಿಯಾದ್ದು. ಕಣ್ಣಿಗೆ ಕಾಣೋ ಪಾಠ ಅದು.

ಬೀದರ ಊರು ಕುಂತದ್ದು ಕೆಂಪು ಲ್ಯಾಟರೈಟ್ ಕಲ್ಲಿನ ಮ್ಯಾಲ. ಈ ಕಲ್ಲು ಸ್ಪಂಜಿನಂಗ ತೂತು ತೂತು, ಅದಕ್ಕ ಪೋರಸ್ ಅಂತಾರ. ಮಳಿ ನೀರು ಅದರಾಗಿಂದ ಮೆಲ್ಲಕ ಇಳೀತದ, ಪರ್ಕೊಲೇಟ್ಸ್. ಕೆಳಗ ಕರಿ ಬಸಾಲ್ಟ್ ಕಲ್ಲು, ಅದು ನೀರು ಬಿಡಂಗಿಲ್ಲ, ಇಂಪರ್ಮಿಯಬಲ್. ಅಲ್ಲಿ ತಡದು ನಿಂತ ನೀರು ಗ್ರೌಂಡ್‌ವಾಟರ್, ನೀರು ತುಂಬ್ಕೊಂಡ ಆ ಕಲ್ಲಿನ ಪದರ ಅಕ್ವಿಫರ್, ನೀರಿನ ಮ್ಯಾಲಿನ ಮಟ್ಟ ವಾಟರ್ ಟೇಬಲ್. ಹಿಂದಿನವ್ರು ಏನ್ ಮಾಡಿದ್ರಂದ್ರ ಎರಡೂ ಕಲ್ಲು ಕೂಡೋ ಕಡಿ ಸ್ವಲ್ಪ ಇಳಿಜಾರು ಇಟ್ಟು ಸುರಂಗ ಕೊರದ್ರು, ಇಳಿಜಾರಿಗೆ ಗ್ರೇಡಿಯೆಂಟ್, ನೀರು ತಾನಾಗೇ ಹರಿದು ಬರ್ತಿತ್ತು, ಕರೆಂಟ್ ಇಲ್ಲ ಮೋಟಾರ್ ಇಲ್ಲ. ನಡುನಡುಕ ಗಾಳಿ ಬೆಳಕಿಗೆ ಬಾವಿ ಥರ ತೂತು, ಅವು ವೆಂಟ್. ಆ ವೆಂಟಿನ ಬಾಯಿಗೆ ನಿಂತು ಬಗ್ಗಿ ನೋಡಿದ್ರ ಬ್ಯಾಸಗ್ಯಾಗೂ ತಂಪು ಗಾಳಿ ಮಾರಿಗೆ ಬಡೀತದ. ಆ ತಂಪು ಇದ್ದಂಗ ಅಕ್ವಿಫರ್ ಅನ್ನೋ ಪದಾನೂ ಜನ್ಮದಾಗ ಮರಿಯಂಗಿಲ್ಲ.

ಆಮ್ಯಾಲ ನಿಮ್ಮ ಊರಿನ ಬೋರಿಗೆ ಬರ್ರಿ. ಮಳಿಯಿಂದ ನೀರು ಮತ್ತ ತುಂಬೋದು ರೀಚಾರ್ಜ್, ಮೊಬೈಲ್ ರೀಚಾರ್ಜ್ ಇದ್ದಂಗೇ ತಿಳ್ಕೊಳ್ರಿ. ತುಂಬೋದಕ್ಕಿಂತ ಜಾಸ್ತಿ ಎತ್ತೋದು ಓವರ್-ಎಕ್ಸ್‌ಪ್ಲಾಯಿಟೇಶನ್. ಕೇಂದ್ರ ಅಂತರ್ಜಲ ಮಂಡಳಿಯವ್ರು ತಾಲೂಕುಗೋಳಿಗೆ ನಾಲ್ಕು ಹೆಸರು ಇಡ್ತಾರ: ವರ್ಷಕ್ಕ ಎತ್ತಲಾಕ ಸಿಗೋ ನೀರಿನಾಗ ನೂರಕ್ಕ 70ರ ತನಕ ಎತ್ತಿದ್ರ ಸೇಫ್, 70ರಿಂದ 90 ಸೆಮಿ-ಕ್ರಿಟಿಕಲ್, 90ರಿಂದ 100 ಕ್ರಿಟಿಕಲ್, ನೂರು ದಾಟಿದ್ರ ಓವರ್-ಎಕ್ಸ್‌ಪ್ಲಾಯಿಟೆಡ್. ಪರೀಕ್ಷಾದಾಗ ಈ ನಾಲ್ಕೂ ಕೇಳ್ತಾರ, ಕ್ರಮ ಬದಲ ಮಾಡಿ ಬರ್ದು ಮಾರ್ಕ್ಸ್ ಕಳ್ಕೋಬ್ಯಾಡ್ರಿ.

ಹೆಜ್ಜೆ 4: ಉದ್ದ ಪದ ಮುರೀರಿ

ಯುಟ್ರೊಫಿಕೇಶನ್ ಅಂತ ನೋಡಿದ ಕೂಡ್ಲೇ ಕಣ್ಣು ಕತ್ತಲ ಬರ್ತಾವ. ರೊಟ್ಟಿ ಮುರದಂಗ ಮುರೀರಿ. ಸೂಸೈಡ್ ಎಲ್ಲಾರಿಗೂ ಗೊತ್ತಲ್ಲ, ಆ ಕಡೀ ಸೈಡ್ ಅಂದ್ರ ಲ್ಯಾಟಿನ್‌ದಾಗ ಕೊಲ್ಲೋದು. ಪೆಸ್ಟಿಸೈಡ್ ಪೀಡೆ ಕೊಲ್ಲೋದು, ಹರ್ಬಿಸೈಡ್ ಕಸ ಕೊಲ್ಲೋದು, ಫಂಗಿಸೈಡ್ ಶಿಲೀಂಧ್ರ ಕೊಲ್ಲೋದು, ಇನ್‌ಸೆಕ್ಟಿಸೈಡ್ ಕೀಟ. ಒಂದು ತುಂಡು ಕಲ್ತ್ರಿ, ನಾಲ್ಕು ಪದ ಬಂದ್ವು. ಹೈಡ್ರೋ ಅಂದ್ರ ನೀರು, ಡೀಹೈಡ್ರೇಶನ್ ಆಗಿ ಸಲೈನ್ ಹಚ್ಕೊಂಡವ್ರು ನಮ್ಮಲ್ಲಿ ಮನಿಗೊಬ್ರು ಇರ್ತಾರ, ಹೈಡ್ರಾಲಜಿ ನೀರಿನ ಶಾಸ್ತ್ರ. ಬಯೋ ಅಂದ್ರ ಜೀವ: ಬಯೋಗ್ಯಾಸ್, ಬಯೋಮಾಸ್, ಬಯೋಡೈವರ್ಸಿಟಿ, ಬಯೋಡಿಗ್ರೇಡಬಲ್, ಆ್ಯಂಟಿಬಯಾಟಿಕ್.

ಇಕೋ ಅನ್ನೋದು ನನಗ ಭಾಳ ಇಷ್ಟ. ಗ್ರೀಕ್ ಭಾಷ್ಯಾಗ ಓಯ್ಕೋಸ್ ಅಂದ್ರ ಮನಿ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1866ರಾಗ ಅದರಿಂದ ಇಕಾಲಜಿ ಪದ ಕಟ್ಟಿದ, 1935ರಾಗ ಇಂಗ್ಲೆಂಡಿನ ಟ್ಯಾನ್ಸ್ಲಿ ಇಕೋಸಿಸ್ಟಮ್ ಅಂದ. ಇಕಾನಮಿ ಸುದ್ದಾ ಅದೇ ಮನಿಯಿಂದ ಹುಟ್ಟಿದ್ದು, ಮನಿ ವಹಿವಾಟು ನಡಸೋದು ಅಂತ. ಅಣ್ಣ ತಮ್ಮ ಇಬ್ರೂ, ಈಗ ಮಾತಾಡ್ಸಂಗಿಲ್ಲ ಒಬ್ರಿಗೊಬ್ರು.

ಮುಂದ ಹತ್ತೋ ತುಂಡು ನೋಡ್ಕೊಳ್ರಿ. ಡಿ ಹತ್ತಿದ್ರ ಇಳಿಯೋದು ಕಳ್ಯೋದು: ಡಿಫಾರೆಸ್ಟೇಶನ್, ಡಿಗ್ರೇಡ್, ಡಿಪ್ಲೀಟ್. ಓವರ್ ಹತ್ತಿದ್ರ ಅತೀ ಆಯ್ತು: ಓವರ್‌ಗ್ರೇಜಿಂಗ್ ಅಂದ್ರ ದನಾ ಕುರಿ ಹುಲ್ಲು ಬೇರ್ ಸಮೇತ ಮೇದು ಮುಗಸೋದು. ಅಫಾರೆಸ್ಟೇಶನ್ ರೀಫಾರೆಸ್ಟೇಶನ್ ಎರಡೂ ಅಡವಿ ಬೆಳಸೋದೇ, ಆದ್ರ ಮೊದಲಿಂದು ಮುಂಚೆ ಅಡವಿ ಇರದ ಜಾಗಾದಾಗ, ಎರಡನೇದ್ದು ಇದ್ದು ಹೋದ ಜಾಗಾದಾಗ. ಇನ್ನ ಯುಟ್ರೊಫಿಕೇಶನ್: ಯು ಅಂದ್ರ ಚಲೋ, ಟ್ರೋಫ್ ಅಂದ್ರ ಪೋಷಣೆ. ಗಟಾರ ನೀರು, ಹೊಲದ ಗೊಬ್ಬರ ಕೆರಿಗೆ ಸೇರಿ ನೀರಿಗೆ ಊಟ ಜಾಸ್ತಿ ಆಗ್ತದ, ಪಾಚಿ ಹಬ್ಬತದ, ಅದು ಸತ್ತು ಕೊಳೀವಾಗ ಆಕ್ಸಿಜನ್ ತಿಂತದ, ಮೀನು ತೇಲ್ತಾವ. ಅತೀ ಉಂಡು ಅಜೀರ್ಣ ಆದ ಕೆರಿ ಅಷ್ಟೇ.

ಹೆಜ್ಜೆ 5: ಗೊತ್ತಿದ್ದ ಪದ ಮೋಸ ಮಾಡ್ತಾವ

ಇದನ್ನ ಯಾವ ಲಿಸ್ಟಿನಾಗೂ ಬರಿಯಂಗಿಲ್ಲ. ಸೇಡಂ ಕಡಿ ನಮ್ಮ ಕಾಕಾನ ಊರು, ಸುತ್ತ ಸುಣ್ಣಕಲ್ಲಿನ ಖಣಿ. ಒಂದ್ಸಲ ಗಣಿ ವಿಸ್ತರಣೆ ಅಂತ ಪಬ್ಲಿಕ್ ಹಿಯರಿಂಗ್, ಅಂದ್ರ ಊರ ಮಂದಿ ಅಹವಾಲು ಕೇಳೋ ಸಭೆ, ಇಟ್ಟಿದ್ರು, ಕಾಕಾ ಒಂದು ಇಂಗ್ಲಿಷ್ ರಿಪೋರ್ಟ್ ತಂದು ನನ್ನ ಕೈಯಾಗ ಕೊಟ್ಟ. ಅದರಾಗ ಫ್ಯುಜಿಟಿವ್ ಎಮಿಶನ್ಸ್ ಅಂತಿತ್ತು. ಕಾಕಾನ ಮಗ ಮೊಬೈಲ್ ಡಿಕ್ಷನರಿ ತೆಗದು ನೋಡ್ದ, ಫ್ಯುಜಿಟಿವ್ ಅಂದ್ರ ತಲಿ ತಪ್ಪಿಸ್ಕೊಂಡು ಓಡಿಹೋದ ಆರೋಪಿ. “ಯಾರ್ ಓಡಿ ಹೋಗ್ಯಾರವಾ, ಪೊಲೀಸ್ ಕೇಸ್ ಆಗ್ಯದೇನು?” ಅಂತ ಕಾಕಾ ಗಾಬ್ರಿ ಆದ. ಓಡಿ ಹೋದದ್ದು ಧೂಳ. ಚಿಮಣಿಯಿಂದ ಬರೋದು ಸ್ಟ್ಯಾಕ್ ಎಮಿಶನ್, ಅದನ್ನ ಅಳೀಬಹುದು. ಲಾರಿಗೆ ತುಂಬುವಾಗ, ಕ್ರಷರ್‌ದಾಗ, ಕಚ್ಚಾ ರೋಡಿನ ಮ್ಯಾಲ ಏಳೋ ಧೂಳ ಯಾವ ಚಿಮಣಿಗೂ ಸಿಗಂಗಿಲ್ಲ, ಹಂಗಾಗಿ ಅದು ಫ್ಯುಜಿಟಿವ್.

ಇಂಥವು ಸುಮಾರ್ ಅವ, ಬ್ಯಾರೆ ಹಾಳ್ಯಾಗ ಕೂಡಿ ಹಾಕ್ರಿ. ಸಿಂಕ್ ಅಂದ್ರ ಬಾಂಡೆ ತೊಳಿಯೋ ಜಾಗಾ, ಆದ್ರ ಕಾರ್ಬನ್ ಸಿಂಕ್ ಅಂದ್ರ ಕಾರ್ಬನ್ ಹೀರಿ ಇಟ್ಕೊಳ್ಳೋ ಅಡವಿ, ಸಮುದ್ರ. ಬ್ಲೂಮ್ ಅಂದ್ರ ಹೂವು ಅರಳೋದು, ಆಲ್ಗಲ್ ಬ್ಲೂಮ್ ಅಂದ್ರ ಕೆರಿ ತುಂಬ ಪಾಚಿ. ಓವರ್‌ಬರ್ಡನ್ ಅಂದ್ರ ಕೆಲಸದ ಹೊರೆ ಅಲ್ಲ, ಖಣ್ಯಾಗ ಕಲ್ಲು ಸಿಗೋ ತನಕ ಮ್ಯಾಲಿಂದ ತೆಗದು ಒಗಿಯೋ ಮಣ್ಣು. ಪ್ಲಾಂಟ್ ಅಂದ್ರ ಗಿಡಾನೂ ಹೌದು ಕಾರ್ಖಾನಿನೂ ಹೌದು, ಕ್ಲೀನ್ ವಾಟರ್ ಪ್ಲಾಂಟ್ ಅಂದ್ರ ನೀರು ಶುದ್ಧ ಮಾಡೋ ಗಿಡ ಅಂತ ಒಬ್ಬ ಹುಡುಗ ಬರ್ದಿದ್ದ. ಡ್ಯಾಮೇಜ್ ಅಂದ್ರ ಹಾನಿ, ಎಸ್ ಹಚ್ಚಿ ಡ್ಯಾಮೇಜಸ್ ಅಂದ್ರ ಕೋರ್ಟ್ ಕೊಡ್ಸೋ ಪರಿಹಾರ. ಒಂದು ಎಸ್‌ಗೆ ಎಷ್ಟ್ ರೊಕ್ಕ ನೋಡ್ರಿ.

ಹೆಜ್ಜೆ 6: ಪದದ ಜೋಡಿ ಬಿಡಿಸಬ್ಯಾಡ್ರಿ

ನಾಮಪದ ಒಂದೇ ಕಲ್ತ್ರ ವಾಕ್ಯ ಆಗಂಗಿಲ್ಲ. ಎಫ್ಲುಯೆಂಟ್ ಜೋಡಿ ಡಿಸ್‌ಚಾರ್ಜ್, ಗ್ಯಾಸ್ ಜೋಡಿ ಎಮಿಟ್, ಕಸದ ಜೋಡಿ ಡಂಪ್, ಗ್ರೌಂಡ್‌ವಾಟರ್ ಜೋಡಿ ಡಿಪ್ಲೀಟ್, ಅಪಾಯದ ಜೋಡಿ ಪೋಸ್ ಎ ಥ್ರೆಟ್, ಜಾಗೃತಿ ಜೋಡಿ ರೇಸ್ ಅವೇರ್‌ನೆಸ್. ಮಳಿಗೆ ಬಿಗ್ ರೇನ್ ಅನ್ನಬ್ಯಾಡ್ರಿ, ಹೆವಿ ರೇನ್. ಬಾವಿ ಬತ್ತೋದು ಡ್ರೈ ಅಪ್, ಜೀವಜಾತಿ ನಶಿಸೋದು ಡೈ ಔಟ್, ಖಾಲಿ ಆಗೋದು ರನ್ ಔಟ್. ಪೊಲ್ಯೂಶನ್, ವೇಸ್ಟ್, ಗಾರ್ಬೇಜ್ ಇವಕ್ಕ ಸಾಮಾನ್ಯವಾಗಿ ಎಸ್ ಹತ್ತಂಗಿಲ್ಲ. ಸ್ಪೀಶೀಸ್‌ಗೆ ಉಲ್ಟಾ, ಒಂದಿದ್ರೂ ಸ್ಪೀಶೀಸ್ ಹತ್ತಿದ್ರೂ ಸ್ಪೀಶೀಸ್.

ನಮ್ಮ ಮಂದಿ ಮಾಡೋ ದೊಡ್ಡ ತಪ್ಪು ಅಂದ್ರ “ಟ್ರೀಸ್ ಆರ್ ಕಟಿಂಗ್.” ಕನ್ನಡದಾಗ “ಗಿಡಾ ಕಡೀಲಕತ್ತಾರ” ಅಂದ್ರ ಸಾಕು, ಯಾರು ಅಂತ ಹೇಳೋ ಜರೂರಿಲ್ಲ, ಆ ಆರ್ ಪ್ರತ್ಯಯದಾಗೇ ಯಾರೋ ಮಂದಿ ಅಡಗಿಕೊಂಡು ಕುಂತಿರ್ತಾರ. ಇಂಗ್ಲಿಷ್‌ದಾಗ ಅದನ್ನ ಹಂಗೇ ಇಳಿಸಿದ್ರ ಗಿಡಗೋಳೇ ಕೊಡ್ಲಿ ಹಿಡ್ಕೊಂಡು ಏನೋ ಕಡೀಲಕತ್ತಾವ ಅಂತಾಗ್ತದ. “ಟ್ರೀಸ್ ಆರ್ ಬೀಯಿಂಗ್ ಕಟ್” ಅನ್ರಿ. ಇದಕ್ಕ ಪ್ಯಾಸಿವ್ ಅಂತಾರ, ಪರಿಸರದ ಇಂಗ್ಲಿಷ್‌ದಾಗ ಎಲ್ಲಿ ನೋಡಿದ್ರೂ ಇದೇ: ವೇಸ್ಟ್ ವಾಸ್ ಡಂಪ್ಡ್, ವಾಟರ್ ವಾಸ್ ಕಂಟಾಮಿನೇಟೆಡ್. ಯಾರು ಡಂಪ್ ಮಾಡಿದ್ರು ಅನ್ನೋದು ಮಾಯ. ರಿಪೋರ್ಟ್ ಓದುವಾಗ ಪ್ಯಾಸಿವ್ ಸಿಕ್ಕ ಕಡೆಲ್ಲಾ ಪೆನ್ಸಿಲ್‌ಲಿ ಯಾರು ಅಂತ ಬರೀರಿ, ಇಂಗ್ಲಿಷೂ ಬರ್ತದ, ಹಕೀಕತ್ತೂ ತಿಳೀತದ.

ಅವಳಿ ಜವಳಿ ಪದಗೋಳು ನಾಲ್ಕೈದು ನೆನಪಿಡ್ರಿ. ಇವತ್ತಿನ ಬಿಸಲು ವೆದರ್, ಕಲಬುರಗಿ ಅಂದ್ರ ಬಿಸಲು ಅನ್ನೋದು ಕ್ಲೈಮೇಟ್. ಗಟಾರದಾಗಿನ ನೀರು ಸೀವೇಜ್, ಅದನ್ನ ಒಯ್ಯೋ ಪೈಪಿನ ವ್ಯವಸ್ಥಾ ಸೀವರೇಜ್. ಬಿಸಲು ಹೆಚ್ಚಾಗದಂಗ ಹೊಗಿ ಕಮ್ಮಿ ಮಾಡೋದು ಮಿಟಿಗೇಶನ್, ಹೆಚ್ಚಾದ ಬಿಸಲಿಗೆ ನಾವು ಹೊಂದ್ಕೊಳ್ಳೋದು ಅಡಾಪ್ಟೇಶನ್. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳು ಸರ್ಕಾರಿ ಆಫೀಸು ಮುಂಜಾನಿ 8ಕ್ಕ ತೆಗದು ಮಧ್ಯಾಹ್ನ 1:30ಕ್ಕ ಮುಚ್ಚತಾವಲ್ಲ, ಅದು ಅಡಾಪ್ಟೇಶನ್ನಿನ ಖಾಸಾ ಉದಾಹರಣೆ, ಉತ್ತರಪತ್ರಿಕಾದಾಗ ಬರೀರಿ ಬೇಕಂದ್ರ. ಎಂಡೇಂಜರ್ಡ್ ಅಂದ್ರ ಅಳಿವಿನ ಅಂಚಿನಾಗ, ಎಕ್ಸ್‌ಟಿಂಕ್ಟ್ ಅಂದ್ರ ಪೂರಾ ಹೋತು, ಎಂಡೆಮಿಕ್ ಅಂದ್ರ ಅಲ್ಲೇ ಬಿಟ್ರ ಬ್ಯಾರೆ ಎಲ್ಲೂ ಇಲ್ಲ.

ಹೆಜ್ಜೆ 7: ಬಾಯಿ ಬಿಟ್ಟು ಅನ್ರಿ

ಬರಗಾಲಕ್ಕ ಡ್ರೌಟ್, ಸ್ಪೆಲ್ಲಿಂಗ್ ಡಿ ಆರ್ ಒ ಯು ಜಿ ಎಚ್ ಟಿ, ನಡುವಿನ ಜಿ ಎಚ್ ಬರೇ ಕುಂತಿರ್ತಾವ, ಸರ್ಕಾರಿ ಕುರ್ಚಿ ಮ್ಯಾಲ ಕುಂತಂಗ. ಡ್ರಾಟ್ ಅನ್ನಬ್ಯಾಡ್ರಿ. ಕಟ್ಟಡ ಬಿದ್ದ ಕಸಕ್ಕ ಡೆಬ್ರಿ, ಕಡೀ ಎಸ್ ಅನ್ನಂಗಿಲ್ಲ. ಮರುಭೂಮಿ ಡೆಸರ್ಟ್, ಒಂದೇ ಎಸ್, ಊಟದ ಮ್ಯಾಲಿನ ಸಿಹಿ ಡಿಸರ್ಟ್, ಎರಡು ಎಸ್. ಎನ್ವಾಯರ್ನ್‌ಮೆಂಟ್ ಬರಿಯುವಾಗ ಒ ಆದ ಮ್ಯಾಲ ಎನ್ ಬಿಟ್ಟುಹೋಗ್ತದ, ನೂರಕ್ಕ ಐವತ್ತು ಮಂದಿದು ಹಿಂಗೇ ಅದ ಅಂತ ನನ್ನ ಅಂದಾಜು.

ನಮ್ಮ ಕಡಿಯವ್ರಿಗೆ ಒಂದು ಫಾಯಿದಾ ಅದ. ಉರ್ದು ಕೇಳ್ಕೊಂತ ಬೆಳದವ್ರು ನಾವು, ಫ ಮತ್ತ ಝ ಸರಳ ಬರ್ತಾವ, ಫಾರೆಸ್ಟ್, ಓಝೋನ್, ಹಝಾರ್ಡ್ ಅನ್ಲಾಕ ತ್ರಾಸಿಲ್ಲ. ಅದರ ಜೋಡಿ ಒಂದು ಚಟಾನೂ ಬಂದದ, ಸ್ಟೇಷನ್‌ಗೆ ಇಸ್ಟೇಷನ್ ಅಂದಂಗ ಸ್ಪೀಶೀಸ್‌ಗೆ ಇಸ್ಪೀಶೀಸ್ ಅಂತೀವಿ, ಅದನ್ನ ಬಿಡಬೇಕು. ಇನ್ನೊಂದು ರೂಲು, ಶನ್ ಅಂತ ಮುಗಿಯೋ ಪದದಾಗ ಜೋರು ಅದರ ಹಿಂದಿನ ಅಕ್ಷರಕ್ಕ ಬೀಳಬೇಕು: ಪೊಲ್ಯೂಶನ್‌ದಾಗ ಲ್ಯೂ, ಕನ್ಸರ್ವೇಶನ್‌ದಾಗ ವೇ. ಬಯೋಡೈವರ್ಸಿಟಿಗೆ ವರ್, ಇಕಾಲಜಿಗೆ ಕಾ. ದನಾ ಕಾಯುವಾಗ, ಬಸ್ಸಿನಾಗ, ಎಲ್ಲಿ ಬೇಕಾದ್ರೂ ಅನ್ರಿ, ಬಾಜೂದವ್ರು ಹುಚ್ಚ ಅಂದ್ರೂ ಚಿಂತಿಲ್ಲ.

ಹೆಜ್ಜೆ 8: ಅಂಕಿ ಓದ್ಲಾಕ ಕಲೀರಿ

ಲ್ಯಾಬ್ ರಿ‍ಪೋರ್ಟ್ ಹಿಡ್ಕೊಂಡು ಮಂದಿ ನನ್ನ ಹತ್ರ ಬಂದು ಕೇಳೋದು ಒಂದೇ ಮಾತು, ನೀರು ಕುಡೀಬಹುದೋ ಇಲ್ಲೋ. ಆ ಹಾಳ್ಯಾಗ ಫ್ಲೋರೈಡ್ ಮುಂದ ಮಿಲಿಗ್ರಾಂ ಪರ್ ಲೀಟರ್ ಅಂತ ಇರ್ತದ. ಭಾರತೀಯ ಮಾನದಂಡದ ಪ್ರಕಾರ 1 ಮಿಲಿಗ್ರಾಂ ಆಕ್ಸೆಪ್ಟಬಲ್ ಲಿಮಿಟ್, ಬ್ಯಾರೆ ನೀರೇ ಇಲ್ಲಂದ್ರ 1.5 ತನಕ ಪರ್ಮಿಸಿಬಲ್ ಲಿಮಿಟ್. ಈ ಎರಡು ಪದದ ನಡುವಿನ ಫರಕ್ ಗೊತ್ತಿದ್ರ ಅರ್ಧ ರಿಪೋರ್ಟ್ ಓದಿದಂಗ. ಮಿತಿ ಮೀರಿದ್ರ ಎಕ್ಸೀಡ್ಸ್ ದ ಲಿಮಿಟ್, ಒಳಗಿದ್ರ ವಿದಿನ್ ದ ಲಿಮಿಟ್. ನೀರಿನಾಗ ಪಿಪಿಎಂ (ಹತ್ತು ಲಕ್ಷ ಪಾಲಿನಾಗ ಒಂದು ಪಾಲು) ಅಂದ್ರೂ ಹೆಚ್ಚುಕಮ್ಮಿ ಅದೇ ಮಿಲಿಗ್ರಾಂ ಪರ್ ಲೀಟರ್.

ಗಾಳಿದು ಪಿಎಂ ಟೂ ಪಾಯಿಂಟ್ ಫೈವ್ ಅಂತ ಓದಬೇಕು, ಪಾರ್ಟಿಕ್ಯುಲೇಟ್ ಮ್ಯಾಟರ್, 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ದೇಶದ ಮಿತಿ 24 ತಾಸಿನ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ಪಿಎಂ 10ಕ್ಕ 100. ಎಕ್ಯೂಐ, ಅಂದ್ರ ಗಾಳಿ ಗುಣಮಟ್ಟದ ಸೂಚ್ಯಂಕದಾಗ 50ರ ತನಕ ಗುಡ್, 100ರ ತನಕ ಸ್ಯಾಟಿಸ್‌ಫ್ಯಾಕ್ಟರಿ, 200ರ ತನಕ ಮಾಡರೇಟ್, 300 ಪೂರ್, 400 ವೆರಿ ಪೂರ್, ಅದರ ಮ್ಯಾಲ ಸಿವಿಯರ್. ದಿನಾ ಮುಂಜಾನಿ ಚಹಾ ಕುಡೀವಾಗ ನಿಮ್ಮ ಊರಿನ ಅಂಕಿ ನೋಡಿ ಒಂದು ವಾಕ್ಯ ಬರೀರಿ, ನಿನ್ನಿಗಿಂತ ರೋಸ್, ಫೆಲ್, ರಿಮೇನ್ಡ್ ಸ್ಟೆಡಿ. ತಿಂಗಳಾದ್ರ ಗ್ರಾಫ್ ಬಗ್ಗೆ ಬರಿಯೋದು ತಾನಾಗೇ ಬರ್ತದ.

ಹೆಜ್ಜೆ 9: ಎರಡೂ ಭಾಷ್ಯಾಗ ಇರೋ ಕಾಗದ ಹಿಡೀರಿ

ಇದು ನನ್ನ ಖಾಸ್ ಗುಟ್ಟು. 2006ರ ಪರಿಸರ ಪರಿಣಾಮ ಮೌಲ್ಯಮಾಪನ (ಇಐಎ) ಅಧಿಸೂಚನೆ ಪ್ರಕಾರ ದೊಡ್ಡ ಯೋಜನಾಕ್ಕ ಪಬ್ಲಿಕ್ ಹಿಯರಿಂಗ್ ಮಾಡುವಾಗ ಇಐಎ ರಿಪೋರ್ಟಿನ ಸಾರಾಂಶ ಇಂಗ್ಲಿಷ್‌ದಾಗೂ ಇರಬೇಕು ಸ್ಥಳೀಯ ಭಾಷ್ಯಾಗೂ ಇರಬೇಕು, ನೋಟಿಸ್ ಕಮ್ಮಿ ಅಂದ್ರ 30 ದಿನ ಮುಂಚೆ ಕೊಡಬೇಕು. ಪೊಲ್ಯೂಶನ್ ಕಂಟ್ರೋಲ್ ಬೋರ್ಡಿನ ವೆಬ್‌ಸೈಟಿನಾಗ ಹುಡುಕಿದ್ರ ಸಿಗ್ತಾವ. ಎರಡೂ ತೆಗದು ಬಾಜೂಬಾಜೂ ಇಟ್ಟು ಒಂದೊಂದೇ ಪ್ಯಾರಾ ಓದ್ರಿ. ಕನ್ನಡದ್ದು ಕೆಲವು ಸಲ ಎಂಥ ಗಡುಸು ಇರ್ತದಂದ್ರ ಇಂಗ್ಲಿಷ್ ನೋಡಿದ ಮ್ಯಾಲೇ ಕನ್ನಡ ತಿಳೀತದ, ಅದೂ ಒಂದು ಕಲಿಕೆನೇ. ಮಿಟಿಗೇಶನ್ ಮೆಷರ್ಸ್, ಬಫರ್ ಜೋನ್, ಗ್ರೀನ್‌ಬೆಲ್ಟ್, ಬೇಸ್‌ಲೈನ್ ಡೇಟಾ ಎಲ್ಲಾ ಅಲ್ಲೇ ಇರ್ತಾವ, ಅದೂ ನಿಮ್ಮದೇ ತಾಲೂಕಿನ ಊರುಗೋಳ ಹೆಸರಿನ ಜೋಡಿ. ಇದು ಆಗದಿದ್ರ ಒಂದೇ ಸುದ್ದಿ ಕನ್ನಡ ಪೇಪರ್‌ದಾಗ ಮೊದಲು, ಇಂಗ್ಲಿಷ್ ಪೇಪರ್‌ದಾಗ ಆಮ್ಯಾಲ ಓದ್ರಿ. ಚಿಂಚೋಳಿ ವನ್ಯಜೀವಿ ಧಾಮದ ಸುದ್ದಿ ಬಂದ್ರ ಬಿಡಬ್ಯಾಡ್ರಿ, ಸ್ಯಾಂಕ್ಚುರಿ, ಹ್ಯಾಬಿಟ್ಯಾಟ್, ಪೋಚಿಂಗ್, ಫಾರೆಸ್ಟ್ ಡ್ವೆಲ್ಲರ್ಸ್ ಎಲ್ಲಾ ಒಂದೇ ಕಡಿ ಸಿಗ್ತಾವ.

ಹೆಜ್ಜೆ 10: ದಿನಕ್ಕ ಆರು, ಜಾಸ್ತಿ ಬ್ಯಾಡ

ಆರು ಪದ ಸಾಕು, ಅವೂ ಒಂದೇ ಜಾಗಾದ್ದು. ಮರುದಿನ ಒಮ್ಮಿ, ಮೂರನೇ ದಿನ ಒಮ್ಮಿ, ವಾರಕ್ಕ ಒಮ್ಮಿ, ಮೂರು ವಾರಕ್ಕ ಒಮ್ಮಿ ಬಲಗಡಿ ಹಾಳಿ ಮುಚ್ಚಿ ಎಡಗಡಿ ನೋಡಿ ಹೇಳ್ರಿ. ಜರ್ಮನಿಯ ಎಬ್ಬಿಂಗ್‌ಹಾಸ್ ತನ್ನ ಮ್ಯಾಲೇ ಪ್ರಯೋಗ ಮಾಡ್ಕೊಂಡು 1885ರಾಗ ತೋರ್ಸಿದ್ದು ಅದೇ, ಕಲ್ತದ್ದು ಮೊದಲ ಒಂದೆರಡು ದಿನದಾಗೇ ಜಾಸ್ತಿ ಹಾರಿ ಹೋಗ್ತದ, ಬಿಟ್ಟು ಬಿಟ್ಟು ತಿರುವಿ ಹಾಕಿದ್ರ ನಿಲ್ತದ. ತಪ್ಪಿದ ಪದಕ್ಕ ಚುಕ್ಕಿ ಹಾಕ್ರಿ, ಮೂರು ಚುಕ್ಕಿ ಬಿದ್ದ ಪದ ಗ್ವಾಡಿಗೆ ಹಚ್ಚರಿ. ನಮ್ಮ ಮನಿ ಫ್ರಿಜ್ಜಿನ ಮ್ಯಾಲ ಎಫ್ಲುಯೆಂಟ್ ಅಂತ ಚೀಟಿ ಇನ್ನೂ ಅದ, ನಮ್ಮವ್ವ ಅದನ್ನ ಯಾವುದೋ ಗುಳಿಗಿ ಹೆಸರು ಅಂತ ತಿಳ್ಕೊಂಡಾಳ.

ವಾರಕ್ಕ ಒಮ್ಮಿ ಹತ್ತು ವಾಕ್ಯ ನಿಮ್ಮ ಊರಿನ ಒಂದು ತ್ರಾಸಿನ ಬಗ್ಗೆ ಬರೀರಿ, ಗ್ರಾಮ ಪಂಚಾಯಿತಿಗೆ ಅರ್ಜಿ ಬರ್ದಂಗ. ನನ್ನ ಹತ್ರ ಬರೋ ಯಾದಗಿರಿ ಕಡಿ ಹುಡುಗಿ ಹ್ವಾದ ವಾರ ತನ್ನ ನೋಟ್‌ಬುಕ್ ತೋರ್ಸಿದ್ಲು. ಆಕಿ ಊರಿನ ಹಳ್ಳದ ಬಗ್ಗೆ ಬರ್ದಿದ್ಲು: “ಇನ್ ಮೈ ಚೈಲ್ಡ್‌ಹುಡ್ ವಿ ವಾಶ್ಡ್ ಬುಲಕ್ಸ್ ಇನ್ ದಿಸ್ ಸ್ಟ್ರೀಮ್. ನೌ ಸೀವೇಜ್ ಈಸ್ ಡಿಸ್‌ಚಾರ್ಜ್ಡ್ ಇಂಟು ಇಟ್ ಅಂಡ್ ದ ಬುಲಕ್ಸ್ ರಿಫ್ಯೂಸ್.” ರಿಫ್ಯೂಸ್ ಟು ಎಂಟರ್ ಅಂತ ಪೂರ್ತಿ ಮಾಡಬೇಕೇನು ಅಕ್ಕಾ ಅಂತ ಕೇಳಿದ್ಲು. ಬ್ಯಾಡ, ಹಿಂಗೇ ಇರ್ಲಿ ಅಂದೆ.